ಟವೆಲ್ ಹಾಕಿ ಹಿಡಿದ ಸೀಟು

ಹೊಳೆನರಸೀಪುರದಿಂದ ಹಾಸನಕ್ಕೆ ಬೆಳಗಿನ ಹೊತ್ತು ಹೊರಡುವ ಸರ್ಕಾರಿ ಬಸ್ಸಿನಲ್ಲಿ ಸೀಟು ಸಿಗುವುದು ಮೊದಲು ಹತ್ತಿದವರಿಗಲ್ಲ, ಮೊದಲು ಟವೆಲ್ ಎಸೆದವರಿಗೆ. ಬಸ್ಸು ನಿಲ್ದಾಣದೊಳಗೆ ಇನ್ನೂ ತಿರುಗುತ್ತಿರುವಾಗಲೇ ನಾಲ್ಕಾರು ಮಂದಿ ಅದರ ಪಕ್ಕಕ್ಕೆ ಓಡುತ್ತಾರೆ. ಕಿಟಕಿಯೊಳಗೆ ಟವೆಲ್ಲೋ, ಕರ್ಚೀಫೋ, ಊಟದ ಚೀಲವೋ ಬೀಳುತ್ತದೆ. ಬಿದ್ದಮೇಲೆ ಆ ಸೀಟು ಅವರದು. ಬಸುರಿ ಹೆಂಗಸು ನಿಂತಿದ್ದರೂ ಯಾರೂ ಅದನ್ನು ಎತ್ತಿಟ್ಟು ಅವಳಿಗೆ ಜಾಗ ಮಾಡುವುದಿಲ್ಲ. ಕೋರ್ಟಿನ ತೀರ್ಪಿಗೆ ಎದುರಾಡುವವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಸೀಟಿನ ಮೇಲಿನ ಟವೆಲ್ಲಿಗೆ ಎದುರಾಡಿದವರನ್ನು ನಾನು ಕಂಡಿರಲಿಲ್ಲ.

ಹಾಗೆ ಹಿಡಿದ ಸೀಟನ್ನು ಯಾರಾದರೂ ನಮಗೆ ಬಿಟ್ಟುಕೊಟ್ಟರೆ ಅದು ಉಪಕಾರ. ಉಪಕಾರ ಮಾಡಿದವರ ಪಕ್ಕದಲ್ಲಿ ಮುದುಡಿಕೊಂಡು ಕೂರಬೇಕು, ಅವರು ಮಾತಾಡಿಸಿದರೆ ಉತ್ತರ ಕೊಡಬೇಕು, ಇಳಿಯುವಾಗ ಬರ್ತೀನಿ ಎನ್ನಬೇಕು. ಇದನ್ನು ಯಾರೂ ಕಲಿಸಿದ್ದಲ್ಲ. ಎಲ್ಲರಿಗೂ ಗೊತ್ತಿದೆ. ನಾನು ಹೇಳಲು ಹೊರಟಿರುವ ಮನುಷ್ಯನಿಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ನಾನು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ನುಗ್ಗೇಹಳ್ಳಿಯಲ್ಲಿ ಕೆಲಸಕ್ಕೆ ಸೇರಿದೆ, ಚನ್ನರಾಯಪಟ್ಟಣದಲ್ಲಿ ಬಹಳ ಕಾಲ ಇದ್ದೆ, ಹೊಳೆನರಸೀಪುರದಲ್ಲಿ ನಿವೃತ್ತಳಾಗಿ ಇಲ್ಲೇ ಉಳಿದೆ. ಮದುವೆ ಮಾಡಿಕೊಳ್ಳಲಿಲ್ಲ. ಶಾಲೆಯ ಗಂಟೆ ಬಿಟ್ಟು ಬಂದರೂ ಗಂಟೆಯ ಪ್ರಕಾರ ನಡೆಯುವುದನ್ನು ಬಿಟ್ಟಿಲ್ಲ. ಏಳುವುದು, ಅಂಗಳ ಗುಡಿಸುವುದು, ನಡೆದು ಬರುವುದು, ತಿಂಡಿ, ಎಲ್ಲಕ್ಕೂ ಅದರದರ ಹೊತ್ತಿದೆ. ಮನೆ ಬಿಡುವುದಕ್ಕೂ ಕ್ರಮವಿದೆ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಹಾಕುತ್ತೇನೆ, ಓಡಬೇಕಾಗಿ ಬಂದರೆ ಕಳಚಬಾರದು. ಚೀಲವನ್ನು ಎದೆಗೆ ಅಡ್ಡ ಹಾಕಿಕೊಳ್ಳುತ್ತೇನೆ. ಒಂದು ಕೈ ಯಾವಾಗಲೂ ಖಾಲಿ ಇರಬೇಕು. ಫೋನು ಚಾರ್ಜ್ ಆಗಿರಬೇಕು, ದಾರಿಯಲ್ಲಿ ಅದನ್ನು ನೋಡಬಾರದು. ಬೀದಿಯ ಎರಡೂ ಕಡೆ ಕಣ್ಣಾಡಿಸಿ ಆಮೇಲೆ ಬೀಗ ಹಾಕುತ್ತೇನೆ. ಎದುರು ಮನೆಯಾಕೆ ದಿನಾ ನಗುತ್ತಾಳೆ, "ಮೇಡಮ್ಮು ಬಾರ್ಡರ್ಗೆ ಒಂಟ್ರು ಕಣಪ್ಪ" ಎಂದು. ನಗಲಿ. ಅವಳ ಸರ ಹೋಗಿದೆ, ನನ್ನದು ಇದೆ.

ನನ್ನ ತಮ್ಮನ ಮೊಮ್ಮಗಳು ನನ್ನ ಮನೆಯಲ್ಲಿದ್ದುಕೊಂಡು ಹಾಸನದ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುತ್ತಾಳೆ. ಅವಳ ಊರು ಅರಕಲಗೂಡು ಕಡೆ ಒಳಗೆ, ಅಲ್ಲಿಂದ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಅವಳ ಅಪ್ಪ, ಎಂದರೆ ನನ್ನ ತಮ್ಮನ ಮಗ, ಆಲೂಗಡ್ಡೆ ಶುಂಠಿ ಬೆಳೆಯುವ ಗಟ್ಟಿ ಮನುಷ್ಯ. ಮಗಳನ್ನು ತಂದು ಬಿಟ್ಟ ದಿನ ಹಜಾರದಲ್ಲಿ ನಿಂತು ಹೇಳಿದ.

"ಓದ್ಲಿ ಕಣತ್ತೆ, ನಾನ್ ಬ್ಯಾಡ ಅನ್ನಕಿಲ್ಲ. ಆದ್ರೆ ಉಡ್ಗಿ ಮ್ಯಾಲೆ ಒಂದೇ ಒಂದ್ ಮಾತ್ ಬಂತು ಅಂದ್ರೆ ಅವತ್ತೇ ಬುಡುಸ್ಬುಡ್ತೀನಿ."

ಅದು ಬಾಯಿಮಾತಲ್ಲ. ದೊಡ್ಡ ಮಗಳ ಹಿಂದೆ ಯಾವನೋ ಬೈಕಿನಲ್ಲಿ ಸುತ್ತುತ್ತಾನೆಂದು ತಿಳಿದಾಗ ಬೈಕಿನವನನ್ನು ಏನೂ ಕೇಳದೆ ಮಗಳನ್ನು ಪಿ.ಯು.ಸಿ. ನಡುವೆ ಬಿಡಿಸಿ ಮದುವೆ ಮಾಡಿದ್ದ. ಚಿಕ್ಕವಳು ಅದನ್ನು ಕಣ್ಣಾರೆ ಕಂಡಿದ್ದಳು.

ಅವಳಿಗೆ ನನ್ನ ಕ್ರಮವನ್ನೆಲ್ಲ ಕಲಿಸಿದೆ. ಚಪ್ಪಲಿ, ಚೀಲ, ಖಾಲಿ ಕೈ. ಮೊದಲ ಕೆಲವು ದಿನ ಬಸ್ ನಿಲ್ದಾಣದವರೆಗೆ ನಾನೇ ಹೋದೆ. ಆಗಲೇ ಅವನನ್ನು ಕಂಡದ್ದು. ಹಾಸನದ ಯಾವುದೋ ಕಚೇರಿಯ ನೌಕರ, ಐವತ್ತು ದಾಟಿದವನು. ಇಸ್ತ್ರಿ ಮಾಡಿದ ಶರ್ಟು, ಜೇಬಿನಲ್ಲಿ ಪೆನ್ನು, ಕಂಕುಳಲ್ಲಿ ಮಡಿಸಿದ ದಿನಪತ್ರಿಕೆ, ಹೆಗಲ ಮೇಲೆ ನೀಲಿ ಅಂಚಿನ ಬಿಳಿ ಟವೆಲ್. ಬಸ್ಸು ತಿರುಗುವಾಗ ಅವನು ಓಡುವುದಿಲ್ಲ. ಅದು ಎಲ್ಲಿ ನಿಲ್ಲುತ್ತದೆಂದು ಗೊತ್ತಿದ್ದು ಅಲ್ಲೇ ನಿಂತಿರುತ್ತಾನೆ. ಕೈ ಎತ್ತಿದರೆ ಟವೆಲ್ ಮೂರನೇ ಸಾಲಿನ ಜೋಡಿ ಸೀಟಿನ ಮೇಲೆ ಉದ್ದಕ್ಕೆ ಬಿಚ್ಚಿಕೊಂಡು ಬೀಳುತ್ತದೆ. ಆ ದಿನ ಕಿಟಕಿಯಿಂದ ಬಗ್ಗಿ ನಮ್ಮ ಹುಡುಗಿಯನ್ನು ಕರೆದ.

"ಬಾಮ್ಮ, ಇಲ್ಲಿ ಕೂತ್ಕೊ. ಈ ರಶ್ಶಲ್ಲಿ ನಿಂತ್ಕೊಂಡು ಹೋಗಕ್ಕಾಗಲ್ಲ."

ನಾನು ಕೆಳಗೆ ನಿಂತು ಅವನಿಗೆ ಕೈ ಮುಗಿದೆ. "ತುಂಬಾ ಉಪಕಾರ ಆಯ್ತು" ಎಂದೂ ಹೇಳಿದೆ. ಅವನು "ನಮ್ಮ ಮನೆ ಮಕ್ಕಳಿದ್ದಂಗೆ ಬಿಡಿ ಮೇಡಮ್" ಎಂದ. ನನ್ನಿಂದ ಕೈ ಮುಗಿಸಿಕೊಂಡ ಆ ಮುಖವನ್ನು ನಾನು ಆಮೇಲೆ ಎಷ್ಟೋ ಸಲ ನೆನೆಸಿಕೊಂಡೆ, ಹಲ್ಲು ಕಚ್ಚಿಕೊಂಡು.

ಅವರೆಕಾಯಿ ಕಾಲ ಬಂತು. ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಹಿತ್ತಲ ಕಟ್ಟೆಯ ಮೇಲೆ ಕೂತು ಕಾಯಿ ಸುಲಿಯುತ್ತಿದ್ದೆವು. ಸಿಪ್ಪೆ ಚೆಲ್ಲಾಡಬಾರದೆಂದು ನಾನು ಹಳೆಯ ಪೇಪರೊಂದನ್ನು ಬಿಡಿಸಿ ಇಬ್ಬರ ತೊಡೆಯ ಮೇಲೂ ಬರುವಂತೆ ಹಾಸಿದೆ. ಅವಳು ಚೇಳು ಕಂಡವಳಂತೆ ಎದ್ದಳು. ಮೊರ ಮಗುಚಿ ಕಾಳೆಲ್ಲ ನೆಲಕ್ಕೆ ಬಿತ್ತು. ಬಿದ್ದ ಕಾಳನ್ನು ಆರಿಸುವ ನೆಪದಲ್ಲಿ ಅವಳು ಬಗ್ಗಿದಳು, ಮತ್ತೆ ತಲೆ ಎತ್ತಲಿಲ್ಲ.

ನಾನು ಕೇಳಲಿಲ್ಲ. ಹುಡುಗಿಯರೊಡನೆ ಜೀವನ ಕಳೆದವಳು ನಾನು. ಕೇಳಿದರೆ ಏನಿಲ್ಲ ಎನ್ನುತ್ತಾರೆ. ನಾನೂ ಕೆಳಗೆ ಕೂತು ಕಾಳು ಆರಿಸಿದೆ. ಮೊರ ಅರ್ಧ ತುಂಬಿದಾಗ ಅವಳೇ ಹೇಳಿದಳು.

"ಅವ್ರು ಹಿಂಗೇ ಪೇಪರ್ ಹಾಸ್ತಾರೆ ಅಜ್ಜಿ. ಇಬ್ರ ಮೇಲೂ. ಓದಮ್ಮ, ಜನರಲ್ ನಾಲೆಜ್‌ಗೆ ಒಳ್ಳೇದು ಅಂತಾರೆ."

ಪೇಪರಿನ ಕೆಳಗೆ ಏನಾಗುತ್ತದೆಂದು ಅವಳು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

"ಎದ್ದು ನಿಂತ್ಕೊಬಾರ್ದಾ?"

"ಕಿಟಕಿ ಕಡೆ ನಾನು, ಈ ಕಡೆ ಅವ್ರು. ಒಂದಿನ ಎದ್ದೆ. ಎಲ್ರೂ ನನ್ನೇ ಬೈದ್ರು. ಪಾಪ ಸೀಟ್ ಹಿಡ್ಕೊಟ್ಟವ್ರೆ, ಕೂತ್ಕೊಳಮ್ಮ, ದಾರಿಗ್ ಅಡ್ಡ ನಿಂತ್ಕೋಬೇಡ ಅಂದ್ರು."

ನಾಳೆಯೇ ಪೊಲೀಸ್ ಸ್ಟೇಷನ್ನಿಗೆ ಹೋಗೋಣ ಎಂದೆ. ಅವಳು ನನ್ನ ಮುಂಗೈ ಹಿಡಿದುಕೊಂಡಳು. ಅಪ್ಪನಿಗೆ ಗೊತ್ತಾದರೆ ಮುಗಿಯಿತು ಎಂದಳು. ಆದರೆ ಅವಳಾಗಲೇ ಬೇರೆ ರೀತಿಯಲ್ಲಿ ಮುಗಿಸಿಕೊಂಡಿದ್ದಳು. ಓದು ತಲೆಗೆ ಹತ್ತುತ್ತಿಲ್ಲ, ಬಿಟ್ಟುಬಿಡುತ್ತೇನೆ ಎಂದು ಅಪ್ಪನಿಗೆ ಫೋನಿನಲ್ಲಿ ಹೇಳಿಯಾಗಿತ್ತು. ನಾಳೆ ಬಿಟ್ಟು ಮುಂದಿನ ಸೋಮವಾರ ಅವನು ಟಿ.ಸಿ. ತೆಗೆಸಲು ಬರುವವನಿದ್ದ. ತರಗತಿಗೆ ಮೊದಲನೆಯವಳು ಆ ಹುಡುಗಿ.

ನನ್ನ ಸಿಟ್ಟಿನ ಬಗ್ಗೆ ಇಲ್ಲಿ ಮೃದುವಾಗಿ ಬರೆಯಬಹುದು, ಆದರೆ ಅದು ಸುಳ್ಳಾಗುತ್ತದೆ. ಆ ಟವೆಲ್ಲಿನವನು ತಿದ್ದಿಕೊಳ್ಳಲಿ ಎಂದು ನನಗೆ ಒಂದು ಗಳಿಗೆಯೂ ಅನ್ನಿಸಲಿಲ್ಲ. ಅವನಿಗೆ ನೋಯಬೇಕು ಅನ್ನಿಸಿತು. ಅವನನ್ನು ಒಳ್ಳೆಯವರು ಎಂದು ಹೊಗಳುವ ಅಷ್ಟೂ ಜನ ನೋಡುತ್ತಿರುವಾಗಲೇ ನೋಯಬೇಕು, ನಾನು ಹತ್ತಿರದಲ್ಲೇ ಇರಬೇಕು. ಅವಳಪ್ಪನಿಗೆ ಹೇಳುವುದಿಲ್ಲ ಎಂದು ಹುಡುಗಿಗೆ ಮಾತು ಕೊಟ್ಟೆ. ಮತ್ತೇನೂ ಮಾಡುವುದಿಲ್ಲ ಎಂದು ಕೊಡಲಿಲ್ಲ.

ನಮ್ಮ ಕಾಲದಲ್ಲಿ ಇದಕ್ಕೆ ಪಿನ್ನಿತ್ತು. ಸೆರಗಿನ ಪಿನ್ನು ಬಿಚ್ಚಿ ಬೆರಳ ಸಂದಿಯಲ್ಲಿ ಇಟ್ಟುಕೊಳ್ಳುತ್ತಿದ್ದೆವು. ಚುಚ್ಚಿದರೆ ಅವನು ಸ್ ಎಂದು ಸರಿಯುತ್ತಿದ್ದ. ಎಲ್ಲಿಗೆ ಸರಿಯುತ್ತಿದ್ದ? ಪಕ್ಕದವಳ ಹತ್ತಿರ. ಪಿನ್ನಿನ ದೋಷವೇ ಅದು. ಅದು ಗುಟ್ಟಾಗಿ ಚುಚ್ಚುತ್ತದೆ, ಅವನ ಗುಟ್ಟನ್ನೂ ಹಾಗೇ ಕಾಪಾಡುತ್ತದೆ. ನನಗೆ ಪಿನ್ನು ಬೇಡವಾಗಿತ್ತು.

ಮಾರನೆಯ ದಿನ ಹುಡುಗಿಯನ್ನು ತಲೆನೋವೆಂದು ಮನೆಯಲ್ಲಿ ಬಿಟ್ಟು ನಾನೇ ಬಸ್ಸು ಹತ್ತಿದೆ. ಹೆಂಗಸರಿಗೆ ಈಗ ಟಿಕೆಟಿನ ಹಣವಿಲ್ಲ. ಸರ್ಕಾರ ಆ ಯೋಜನೆ ತಂದಿದ್ದು ಇಂಥದ್ದಕ್ಕಲ್ಲ, ಆದರೂ ಚೆನ್ನಾಗಿ ಬಳಸಿಕೊಂಡೆ. ಅವನ ಹಿಂದಿನ ಸೀಟಿನಲ್ಲಿ ಕೂತು ಅವನ ಕತ್ತನ್ನೇ ನೋಡುತ್ತಿದ್ದೆ. ನನ್ನ ಪಕ್ಕದಲ್ಲಿ ಹಾಸನಕ್ಕೆ ಹೂವು ಒಯ್ಯುವ ಹೆಂಗಸು ಕಾಕಡದ ಬುಟ್ಟಿಯನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಕೂತಿದ್ದಳು.

"ಏನ್ ಮೇಡಮ್ಮೋರೆ, ಆವಯ್ಯನ್ನೇ ನೋಡ್ತಾ ಕುಂತಿದ್ದೀರಿ? ಈ ವಯಸ್ನಲ್ಲಿ ಮದ್ವೆ ಗಿದ್ವೆ ಆಲೋಚ್ನೆ ಬಂತಾ?"

"ಮದುವೆ ಅಲ್ಲ ಕಣಮ್ಮ, ತಿಥಿ" ಎಂದೆ.

ಅವಳ ನಗು ನಿಂತಿತು. ಅವನ ಕತ್ತು ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ದನಿ ತಗ್ಗಿಸಿ, "ನಿಮ್ ಮಗೀಗೂ ಅಂಗೇ ಮಾಡುದ್ನಾ?" ಎಂದಳು.

ಹಾಸನ ಬರುವಷ್ಟರಲ್ಲಿ ಹೂವಿನವಳು ಎಲ್ಲ ಹೇಳಿದಳು. ಹಿಂದಿನ ವರ್ಷ ಅವಳಿಗೆ. ಅದಕ್ಕೂ ಹಿಂದೆ ಅವನ ಪಕ್ಕ ಕೂರುತ್ತಿದ್ದ, ಗಾರ್ಮೆಂಟ್ಸಿಗೆ ಹೋಗುವ ಒಬ್ಬಳಿಗೂ ಆಗಿರಬೇಕೆಂದು ಅವಳಿಗೆ ಈಗ ಹೊಳೆಯಿತು. ಆ ಗಾರ್ಮೆಂಟ್ಸಿನವಳು ಈಗ ಅವನಿಂದ ದೂರ, ಬಾಗಿಲ ಹತ್ತಿರವೇ ನಿಲ್ಲುತ್ತಾಳೆ. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ತನಗೊಬ್ಬಳಿಗೇ ಆಯಿತೆಂದು ಪ್ರತಿಯೊಬ್ಬಳೂ ಅಂದುಕೊಂಡಿದ್ದಳು. ಅದಕ್ಕೇ ಅವನ ಟವೆಲ್ಲನ್ನು ದಿನಾ ಎಲ್ಲರೂ ಗೌರವಿಸುತ್ತಿದ್ದರು.

ಆ ಬಸ್ಸಿನ ಕಂಡಕ್ಟರ್ ಬಾಗೂರಿನ ಹೆಂಗಸು, ಚನ್ನರಾಯಪಟ್ಟಣದಲ್ಲಿ ನನ್ನ ವಿದ್ಯಾರ್ಥಿನಿ. ಖೊಖೊ ಆಟದಲ್ಲಿ ಅವಳನ್ನು ಮುಟ್ಟುವವರಿರಲಿಲ್ಲ. ಹಾಸನದಲ್ಲಿ ಇಳಿದ ಮೇಲೆ ಅವಳನ್ನು ಪಕ್ಕಕ್ಕೆ ಕರೆದು ವಿಷಯವನ್ನೂ ಬರುವ ಸೋಮವಾರದ ನನ್ನ ಯೋಚನೆಯನ್ನೂ ಹೇಳಿದೆ.

"ಆ ಸಾರಾ? ದಿನಾ ಚಿಲ್ಲರೆ ಕರೆಕ್ಟಾಗ್ ಕೊಡ್ತಾರಲ್ಲ ಟೀಚರ್!" ಎಂದಳು. ಆಮೇಲೆ ಅವಳ ಮುಖ ಕೆಂಪಾಯಿತು. "ಸೋಮ್ವಾರ ನಂದೇ ಡ್ಯೂಟಿ. ಯಾರಾದ್ರೂ ಒಬ್ರು ಬಾಯ್ಬಿಟ್ ಏಳ್ಲಿ ಸಾಕು. ಬಸ್ನ ಸೀದಾ ಸ್ಟೇಷನ್‌ಗೆ ಬಿಡುಸ್ತೀನಿ. ಡ್ರೈವರಣ್ಣಂಗೆ ನಾನ್ ಏಳಿರ್ತೀನಿ."

ನನ್ನ ಯೋಜನೆ ಸರಳವಾಗಿತ್ತು. ಸೋಮವಾರ ಅವಳ ಅಪ್ಪ ಕಾಲೇಜಿಗೆ ನೇರ ಬರುತ್ತಾನೆ. ನಾವಿಬ್ಬರೂ ಈ ಬಸ್ಸಿನಲ್ಲಿ ಹೋಗುತ್ತೇವೆ. ಹುಡುಗಿ ಕೂರಬೇಕಾದ ಜಾಗದಲ್ಲಿ ನಾನು ಕೂತು, ಬಸ್ಸು ಊರು ಬಿಟ್ಟ ಮೇಲೆ ಎದ್ದು ನಿಂತು ಎಲ್ಲರಿಗೂ ಹೇಳುತ್ತೇನೆ. ಹೂವಿನವಳೂ, ಅವಳು ಮಾತಾಡಿಸಿ ಒಪ್ಪಿಸಿದ ಗಾರ್ಮೆಂಟ್ಸಿನವಳೂ ಎದ್ದು ನಿಲ್ಲುತ್ತಾರೆ. ಹುಡುಗಿ ಬಾಯಿ ಬಿಡಬೇಕಾಗಿಲ್ಲ.

ಆದರೂ ಅವಳನ್ನು ಕಾಲೇಜಿಗೆ ಕಳಿಸದೆ ವಾರವಿಡೀ ಸಂಜೆ ಅವಳಿಗೆ ಅಭ್ಯಾಸ ಮಾಡಿಸಿದೆ. ಅಂಗಳದಲ್ಲಿ ಎರಡು ಕುರ್ಚಿ ಹಾಕಿ ಗೋಡೆಯ ಕಡೆ ಅವಳನ್ನು ಕೂರಿಸಿ ಈ ಕಡೆ ನಾನು ಕೂತೆ. ಮೊದಲು ದನಿ, ಆಮೇಲೆ ಎದ್ದು ನಿಲ್ಲುವುದು. ಎದ್ದವಳು ಎಲ್ಲರಿಗಿಂತ ಎತ್ತರವಾಗುತ್ತಾಳೆ, ಕೂತವನು ಚಿಕ್ಕವನಾಗುತ್ತಾನೆ. ಮೊಣಕೈ ದೇಹಕ್ಕೆ ಅಂಟಿರಬೇಕು, ಕಾಲು ಅಗಲ. ಬೇಡಿಕೊಳ್ಳಬಾರದು, ಆಜ್ಞೆ ಮಾಡಬೇಕು. ನಡೆದದ್ದನ್ನು ನಡೆದ ಹಾಗೆ, ಸಣ್ಣ ಮಾತಿನಲ್ಲಿ. ಬಹುವಚನ ಬೇಡ. ಎಲ್ಲ ಬಂತು, ದನಿ ಮಾತ್ರ ಬರಲಿಲ್ಲ. ಗಂಟಲಲ್ಲೇ ಕರಗಿ ಹೋಗುತ್ತಿತ್ತು. ಕೊನೆಗೆ ನಾನು ಶಾಲೆಯಲ್ಲಿ ಮಾಡಿಸುತ್ತಿದ್ದುದನ್ನೇ ಮಾಡಿಸಿದೆ. ಅಂಗಳದ ತುದಿಗೆ ನಾನು ನಿಂತು, ನನಗೆ ಆಜ್ಞೆ ಕೊಡು ಎಂದೆ.

"ಸಾವಧಾನ್" ಎಂದಳು, ಬೆಕ್ಕು ಕೂಗಿದ ಹಾಗೆ.

"ಹೊಟ್ಟೆಯಿಂದ."

"ಸಾವಧಾನ್!"

"ನನಗೆ ಕಿವಿ ಕೇಳಲ್ಲ. ನಾನು ರಸ್ತೆ ಆಚೆ ಇದ್ದೀನಿ."

"ಸಾವ್... ಧಾನ್!"

ಎದುರು ಮನೆಯಾಕೆ ಕಾಂಪೌಂಡಿನ ಮೇಲೆ ತಲೆ ಹಾಕಿದಳು. "ಏನ್ ಮೇಡಮ್ಮು, ಮನೇಲೇ ಇಸ್ಕೂಲ್ ಸುರು ಮಾಡ್ಕೊಂಡ್ರಾ? ನಮ್ ಯಜಮಾನ್ರು ಆಫೀಸಿಂದ ಬಂದವ್ರು ಬಾಗ್ಲಲ್ಲೇ ನೆಟ್ಟಗ್ ನಿಂತ್ಬುಟ್ಟವ್ರೆ!"

ಹುಡುಗಿ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕದ್ದು. ಆಮೇಲೆ ದನಿ ಸ್ವಲ್ಪ ಬಿಟ್ಟುಕೊಂಡಿತು.

ಭಾನುವಾರ ಸಂಜೆ ಅವಳಪ್ಪ ಹೇಳದೆ ಕೇಳದೆ ಬಂದುಬಿಟ್ಟ. ಬೆಳಿಗ್ಗೆ ಮೂವರೂ ಒಟ್ಟಿಗೆ ಹೋಗೋಣ ಎಂದ. ಕಾಫಿ ಲೋಟ ಕೆಳಗಿಡುತ್ತಾ, "ಓದು ಅತ್ತಲ್ಲ ಅಂದ್ಮೇಲೆ ಇನ್ಯಾಕೆ ಎಳ್ದಾಡಾದು ಕಣತ್ತೆ. ಗಂಡೊಂದ್ ನೋಡಿವ್ನಿ. ಕೊಣನೂರ್ ಕಡೇರು, ತ್ವಾಟ ಅದೆ" ಎಂದ.

ಹುಡುಗಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಅಪ್ಪನ್ ಮುಂದೆ ಬೇಡ ಅಜ್ಜಿ. ನಿಮ್ ಕಾಲಿಗ್ ಬೀಳ್ತೀನಿ." ಮಾತು ಕೊಟ್ಟಿದ್ದೆ. ಅಪ್ಪನಿದ್ದರೆ ಏನೂ ಇಲ್ಲ ಎಂದು ಒಪ್ಪಿಕೊಂಡೆ. ಒಪ್ಪಿಕೊಂಡು ದೋಸೆ ಹಿಟ್ಟು ಕಲಸಿದೆ. ಆ ಟವೆಲ್ಲಿನವನು ತಪ್ಪಿಸಿಕೊಂಡನಲ್ಲ ಎನ್ನುವುದೊಂದೇ ತಲೆಯಲ್ಲಿತ್ತು.

ಸೋಮವಾರ ಬಸ್ಸು ಬಂತು, ಟವೆಲ್ ಬಿತ್ತು. ನಾವು ಹತ್ತಿದೆವು. ಅವನು ಹುಡುಗಿಯನ್ನು ಕಂಡ, ಅವಳ ಹಿಂದೆ ಅಪ್ಪನನ್ನು ಕಂಡ. ಒಂದಿಷ್ಟೂ ಅಳುಕಲಿಲ್ಲ. ಎದ್ದು ನಿಂತು ಕಿಟಕಿಯ ಕಡೆಯ ಸೀಟಿನಿಂದ ಟವೆಲ್ ತೆಗೆದು ಧೂಳು ಕೊಡವಿದ.

"ನಿಮ್ಮ ಮಗಳಾ ಸಾರ್? ಒಳ್ಳೆ ಹುಡುಗಿ. ದಿನಾ ಸೀಟು ಹಿಡಿದಿಟ್ಟಿರ್ತೀನಿ. ಬಾಮ್ಮ."

ನಾನು ಮುಂದೆ ನುಗ್ಗಿದೆ. "ನಾನು ಕೂರ್ತೀನಿ, ಮೊಣಕಾಲು ನೋವು" ಎಂದೆ. ನನ್ನ ಮೊಣಕಾಲಿಗೆ ಈವರೆಗೆ ನೋವು ಬಂದಿಲ್ಲ. ಅವಳಪ್ಪ ನನ್ನ ತೋಳು ಹಿಡಿದ.

"ನಿಮ್ಗೆ ಮುಂದ್ಗಡೆ ಲೇಡೀಸ್ ಸೀಟ್ ಕೇಳ್ಕೊಡ್ತೀನಿ ಬನ್ನಿ ಅತ್ತೆ. ಸಾ ಮಗೀಗ್ ಅಂತ ಇಡ್ದವ್ರೆ, ಅವ್ರ್ ಮನ್ಸಿಗ್ ಬೇಜಾರ್ ಮಾಡ್ಬಾರ್ದು. ಕೂತ್ಕಳವ್ವ, ನಿಂತಿದ್ದೀಯಲ್ಲ. ಸಾರ್‌ಗೆ ಥ್ಯಾಂಕ್ಸ್ ಏಳು."

ಹೀಗೆ ಹೆತ್ತ ಅಪ್ಪನೇ ಮಗಳ ಬೆನ್ನಿಗೆ ಕೈಯಿಟ್ಟು ಅವಳನ್ನು ಆ ಮೂಲೆಗೆ ಕಳಿಸಿದ. ಅವಳು ಥ್ಯಾಂಕ್ಸ್ ಹೇಳಲಿಲ್ಲ. ನಾನು ಲೇಡೀಸ್ ಸೀಟಿಗೆ ಹೋಗಲಿಲ್ಲ, ಅವನ ಹಿಂದೆಯೇ ದಾರಿಯಲ್ಲಿ ಕಂಬಿ ಹಿಡಿದು ನಿಂತೆ. ಅಪ್ಪ ನನ್ನ ಮುಂದೆ ಎರಡಾಳು ಆಚೆ ನಿಂತ.

ಊರು ದಾಟಿತು. ಹೇಮಾವತಿ ನಾಲೆಯ ಗದ್ದೆಗಳು ಕಿಟಕಿಯಲ್ಲಿ ಓಡುತ್ತಿದ್ದವು. ಅವನು ಪೇಪರ್ ಬಿಡಿಸಿದ. ಅಪ್ಪ ಮೂರಡಿ ದೂರದಲ್ಲಿರುವಾಗ ಬಿಡಿಸಿದ! ಆ ಧೈರ್ಯ ಅವನಿಗೆ ಎಲ್ಲಿಂದ ಬಂತೆಂದು ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅಪ್ಪನಿಂದಲೇ ಬಂದಿತ್ತು. ಅಪ್ಪನ ಮುಂದೆ ಅವಳು ಉಸಿರೆತ್ತುವುದಿಲ್ಲವೆಂದು ನನಗೆ ಎಷ್ಟು ಗೊತ್ತಿತ್ತೋ ಅವನಿಗೂ ಅಷ್ಟೇ ಗೊತ್ತಿತ್ತು. ಕೊಟ್ಟ ಮಾತು ಹಾಳಾಗಲಿ ಎಂದು ನಾನು ಬಾಯಿ ತೆರೆದೆ.

ನನ್ನ ಬಾಯಿಂದ ಮಾತು ಬರುವ ಮೊದಲೇ ಬಸ್ಸಿನಲ್ಲಿ ಒಂದು ದನಿ ಎದ್ದಿತು.

"ಕೈ ತೆಗಿ!"

ಅವಳು ನಿಂತಿದ್ದಳು. ಪೇಪರ್ ಜಾರಿ ಅವನ ಕಾಲ ಮೇಲೆ ಬಿದ್ದಿತ್ತು. ಅಂಗಳದಲ್ಲಿ ಕೇಳದಿದ್ದ ದನಿ ಅದು. ಮುಂದೆ ಡ್ರೈವರ್ ಕನ್ನಡಿ ನೋಡಿದ.

"ಎಲ್ರಿಗೂ ಹೇಳು ನಿನ್ನ ಕೈ ಎಲ್ಲಿತ್ತು ಅಂತ! ದಿನಾ ಸೀಟ್ ಕೊಟ್ಟು, ಪೇಪರ್ ಹಾಸಿ, ನನ್ನ ತೊಡೆ ಮೇಲೆ ಕೈ ಹಾಕ್ತೀಯ! ಹೇಳು!"

"ಏನಮ್ಮಾ ಇದು? ಸೀಟು ಹಿಡಿದು ಕೊಟ್ಟಿದ್ದಕ್ಕೆ ಒಳ್ಳೆ ಬಹುಮಾನ ಕೊಟ್ಟೆ" ಎಂದು ಅವನು ಸುತ್ತ ನೋಡಿ ನಗಲು ಹೋದ. ಹಿಂದಿನಿಂದ ಯಾರೋ ಗಂಡಸು, "ಬಸ್ ಅಂದ್ಮೇಲೆ ತಾಗ್ತದೆ ಬುಡವ್ವ" ಎಂದ.

ಹೂವಿನವಳು ಬುಟ್ಟಿ ಬಿಟ್ಟು ಎದ್ದಳು. "ತಾಗಾದಾ? ತಾಗಾದು ಅಂದ್ರೆ ಏನೂ ಅಂತ ನಂಗ್ ಗೊತ್ತಿಲ್ವಾ? ಓದ್ ವರ್ಸ ನಂಗೂ ತಾಗಿತ್ತು ಈ ಬೇವರ್ಸಿ ಕೈ!" ಬಾಗಿಲ ಹತ್ತಿರ ನಿಂತ ಗಾರ್ಮೆಂಟ್ಸಿನ ಹುಡುಗಿ, "ನಂಗೂ" ಎಂದಳು. ಅಷ್ಟೇ ಹೇಳಿ ಅತ್ತಳು.

ಅವಳಪ್ಪ ಜನರನ್ನು ತಳ್ಳಿಕೊಂಡು ಬಂದ. ಮುಷ್ಟಿ ಮೇಲಿತ್ತು. ನಾನು ಅಡ್ಡ ನಿಂತೆ.

"ಬುಡತ್ತೆ! ಇವ್ನ್ ಅಲ್ಲುದುರುಸ್ತೀನಿ!"

"ಬೇಡ. ನೀನು ಹೊಡೆದರೆ ಇವನು ಪೆಟ್ಟು ತಿಂದವನಾಗ್ತಾನೆ. ಜನ ಅಯ್ಯೋ ಪಾಪ ಅಂತಾರೆ. ಅದೊಂದು ನನಗೆ ಬೇಡ."

ಟವೆಲ್ಲಿನವನು ಏಳಲು ನೋಡಿದ. ಇಲ್ಲೇ ಇಳೀತೀನಿ ಎಂದ. ಹುಡುಗಿಯನ್ನು ಹೊರಗೆ ಎಳೆದುಕೊಂಡು, ಅವನನ್ನು ಕಿಟಕಿಯ ಕಡೆ ದೂಡಿ, ಈ ಕಡೆಯ ಸೀಟಿನಲ್ಲಿ ನಾನು ಕೂತೆ. "ಕಷ್ಟಪಟ್ಟು ಹಿಡಿದಿದ್ದೀರಲ್ಲ ಸೀಟು. ಹಾಸನದವರೆಗೂ ಕೂತ್ಕೊಳಿ. ಎರಡೂ ಕೈ ಮುಂದಿನ ಕಂಬಿ ಮೇಲೆ ಇಡಿ" ಎಂದೆ. ಇಡಲಿಲ್ಲ. ಆಗ ಹೂವಿನವಳು ಕೂಗಿದಳು, "ಕೈ ಮ್ಯಾಕೆ ಸಾ!" ಹೆಂಗಸರೆಲ್ಲ ಹಿಡಿದುಕೊಂಡರು. "ಕೈ ಮ್ಯಾಕೆ! ಕೈ ಮ್ಯಾಕೆ!" ಅವನು ಎರಡೂ ಕೈ ಎತ್ತಿ ಕಂಬಿ ಹಿಡಿದುಕೊಂಡ. ಮುಖ ಸುಣ್ಣದ ಗೋಡೆಯಂತಾಗಿ, ಕಿವಿಯ ಹಿಂದಿನಿಂದ ಬೆವರು ಇಸ್ತ್ರಿ ಕಾಲರಿನೊಳಗೆ ಇಳಿಯುತ್ತಿತ್ತು. ನಾನು ಅದನ್ನು ಸಾವಕಾಶವಾಗಿ ನೋಡಿದೆ. ವಾರವಿಡೀ ಉಂಡ ಅನ್ನ ಆಗ ಜೀರ್ಣವಾಯಿತು.

ಕಂಡಕ್ಟರ್ ಸೀಟಿ ಊದಿದಳು. "ಇದು ಇನ್ ಎಲ್ಲೂ ನಿಲ್ಲಾಕಿಲ್ಲ. ಸೀದಾ ಸ್ಟೇಷನ್ನು."

"ನಂಗ್ ಡ್ಯೂಟಿಗ್ ಲೇಟಾಯ್ತದೆ ಕಣಮ್ಮ" ಎಂದ ಒಬ್ಬ.

"ಲೇಟಾದೋರು ನನ್ ಎಸ್ರು ಏಳಿ. ಇಲ್ಲಾ ಕಿಟ್ಕೀಲ್ ಎಗ್ರಿ."

ಮೊಸಳೆಹೊಸಹಳ್ಳಿ ದಾಟುವಾಗ ಹೂವಿನವಳು ಅವನ ಟವೆಲ್ಲನ್ನು ಎರಡು ಬೆರಳಲ್ಲಿ ಸತ್ತ ಇಲಿಯ ಹಾಗೆ ಎತ್ತಿ ಕಿಟಕಿಯಿಂದ ಆಚೆ ಬಿಟ್ಟಳು. ಹಿಂದೆ ಬರುತ್ತಿದ್ದ ಲಾರಿ ಅದರ ಮೇಲೆ ಹಾದುಹೋಯಿತು. ಬಸ್ಸಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಸ್ಟೇಷನ್ನಿನಲ್ಲಿ ಹೇಳಿಕೆ ಬರೆದುಕೊಂಡವರು ಹೆಂಗಸೇ. ಹುಡುಗಿ ಎಲ್ಲವನ್ನೂ ತಾನೇ ಹೇಳಿದಳು. ಹೂವಿನವಳೂ ಗಾರ್ಮೆಂಟ್ಸಿನವಳೂ ಹೇಳಿದರು. ಹೊರಗೆ ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಅವಳಪ್ಪ ಚಪ್ಪಲಿ ನೋಡುತ್ತಾ ಕೂತಿದ್ದ. ನಾವು ಬಂದಾಗ ತಲೆ ಎತ್ತಲಿಲ್ಲ.

"ಇಷ್ಟ್ ದಿನ ಯಾಕವ್ವ ಏಳ್ಲಿಲ್ಲ?"

"ಹೇಳಿದ್ರೆ ಅಕ್ಕನ್ನ ಬಿಡ್ಸಿದಂಗೆ ನನ್ನೂ ಬಿಡುಸ್ತಿದ್ರಿ."

ಅವನು ಚಪ್ಪಲಿ ಕಳಚಿ ಮತ್ತೆ ಹಾಕಿಕೊಂಡ.

"ನಾನು ಯಾಕೆ ಬಿಡ್ಲಿ ಅಪ್ಪ? ನನಗೆ ಓದು ಹತ್ತುತ್ತೆ. ಸುಳ್ಳು ಹೇಳಿದ್ದೆ. ಬಿಡೋದಾದ್ರೆ ಅವನು ಬಿಡ್ಲಿ, ಆ ಬಸ್ನ."

ನಾನು ನಡುವೆ ಬಾಯಿ ಹಾಕಲಿಲ್ಲ. ಹಾಕಿದ್ದರೆ ಅವನು ನನ್ನೊಡನೆ ವಾದಕ್ಕೆ ನಿಲ್ಲುತ್ತಿದ್ದ, ಅದು ಅವನಿಗೆ ಸುಲಭ. ಅವನು ಬೆಂಚಿನಿಂದ ಎದ್ದ. ಪಂಚೆ ಸರಿ ಮಾಡಿಕೊಂಡ.

"ಈಗ್ ಓದ್ರೆ ಕ್ಲಾಸ್ ಸಿಕ್ತದಾ?"

"ಮಧ್ಯಾಹ್ನದ್ದು ಸಿಗುತ್ತೆ."

"ನಡಿ. ಮೊದ್ಲು ಏನಾರ ತಿನ್ನು."

ಕಾಲೇಜಿನ ಗೇಟಿನವರೆಗೂ ಅವಳ ಜೊತೆ ಹೋಗಿ, ತಿರುಗಿ ಬಂದು ಅರಕಲಗೂಡು ಬಸ್ಸು ಹತ್ತುವಾಗ ನನಗೆ ಹೇಳಿದ, "ಕೊಣನೂರ್ ಕಡೇರ್ಗೆ ಪೋನ್ ಮಾಡಿ ಬ್ಯಾಡ ಅಂದ್ಬುಡ್ತೀನಿ ಕಣತ್ತೆ." ದೊಡ್ಡ ಮಗಳ ವಿಷಯ ಅವನು ಎತ್ತಲಿಲ್ಲ. ನಾನೂ ಅವನಿಗೆ ಸಮಾಧಾನ ಹೇಳಲಿಲ್ಲ. ಅದು ಅವನನ್ನು ಕಾಡಲಿ ಎಂದೇ ಬಿಟ್ಟೆ.

ವಾರ ಕಳೆಯುವುದರೊಳಗೆ ಊರಿನ ಇಬ್ಬರು ದೊಡ್ಡ ಮನುಷ್ಯರು ಬಾಳೆಹಣ್ಣಿನ ಚಿಪ್ಪು ಹಿಡಿದು ನನ್ನ ಹಜಾರಕ್ಕೆ ಬಂದರು, ರಾಜಿ ಮಾಡಿಸಲು. ಅವನಿಗೆ ಜಾಮೀನು ಸಿಕ್ಕಿತ್ತು.

"ಅವ್ರಿಗೂ ಸಂಸಾರ ಅದೆ ಮೇಡಮ್. ಎಂಡ್ತಿ ಊಟ ಬಿಟ್ಟವ್ರೆ. ಕೆಲ್ಸಕ್ಕೆ ಕುತ್ತಾಯ್ತದೆ. ನೀವು ಎಷ್ಟೋ ಮಕ್ಳಿಗ್ ಬುದ್ಧಿ ಏಳಿದೋರು. ಕ್ಷಮಿಸ್ಬುಡಿ."

"ನಾನು ಮಕ್ಕಳಿಗೆ ಕ್ಷಮೆ ಕಲಿಸಿಲ್ಲ. ಡ್ರಿಲ್ ಕಲಿಸಿದ್ದೀನಿ" ಎಂದೆ. "ಕಂಪ್ಲೇಂಟ್ ಕೊಟ್ಟಿರೋದು ನಾನಲ್ಲ, ಅವಳು. ಕೇಳಿ."

ಹುಡುಗಿ ಪುಸ್ತಕದಿಂದ ತಲೆ ಎತ್ತಿ, "ಕೇಸ್ ನಡೀಲಿ ಸರ್" ಎಂದಳು. ಕಾಫಿ ಕೊಟ್ಟು ಕಳಿಸಿದೆ. ಹಣ್ಣನ್ನೂ ಅವರ ಕೈಗೇ ಕೊಟ್ಟೆ.

ಅವನು ರೈಲಿಗೆ ಬದಲಾಯಿಸಿಕೊಂಡ. ಗಾರ್ಮೆಂಟ್ಸಿನವಳ ಗೆಳತಿಯರು ರೈಲಿನಲ್ಲಿದ್ದರು. ಅಲ್ಲೂ ಅವನ ಸುತ್ತ ಜಾಗ ಖಾಲಿಯಾಗುತ್ತಿತ್ತಂತೆ, ಎಲ್ಲರ ಕಣ್ಣೂ ಅವನ ಕೈಯ ಮೇಲೆ. ಖಾಸಗಿ ಬಸ್ಸು ನೋಡಿದ. ಸುದ್ದಿ ಅವನಿಗಿಂತ ಮೊದಲೇ ಹತ್ತಿ ಕೂತಿತ್ತು. ಕೊನೆಗೆ ಕಚೇರಿಯ ಹೊತ್ತಿಗೆ ಸರಿಹೋಗುವುದು ನಮ್ಮ ಬಸ್ಸೊಂದೇ ಎಂದು ಅದಕ್ಕೇ ಮರಳಿದ. ಈಗ ಅವನಿಗೆ ಸೀಟಿಲ್ಲ. ಹತ್ತಿದ ಕೂಡಲೇ ಯಾರಾದರೂ ಒಬ್ಬಳು ಕೂಗುತ್ತಾಳೆ, "ಕೈ ಮ್ಯಾಕೆ ಸಾ!" ಅವನು ಡ್ರೈವರಿನ ಹಿಂದೆ ನಿಂತು ಮೇಲಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾನೆ. ಒಂದು ಕೈ ಇಳಿದರೂ ಬಸ್ಸಿಗೆ ಬಸ್ಸೇ ಕೂಗುತ್ತದೆ.

ಇದು ಸಾಕು, ಇನ್ನು ಬಿಡಿ ಎಂದು ನನಗೆ ಹೇಳುವವರು ಇದ್ದಾರೆ. ವಯಸ್ಸಾದ ಮೇಲೆ ದ್ವೇಷ ಒಳ್ಳೆಯದಲ್ಲವಂತೆ, ಬಿ.ಪಿ. ಏರುತ್ತದಂತೆ. ನನ್ನ ಬಿ.ಪಿ. ಸರಿಯಾಗಿದೆ. ಕೇಸು ಹಾಸನದ ಕೋರ್ಟಿನಲ್ಲಿದೆ. ಪ್ರತಿ ತಾರೀಖಿಗೂ ಹೋಗುತ್ತೇನೆ. ತಾರೀಖಿಲ್ಲದ ದಿನವೂ ಆಗಾಗ ಆ ಬಸ್ಸು ಹತ್ತುತ್ತೇನೆ. ಹಾಸನದಲ್ಲಿ ನನಗೆ ಕೆಲಸವೇನೂ ಇರುವುದಿಲ್ಲ.

ಮೊನ್ನೆ ಅವಳ ಪರೀಕ್ಷೆಯ ದಿನವೂ ಹತ್ತಿದೆ. ಅವಳು ಮೂರನೇ ಸಾಲಿನ ಕಿಟಕಿಯ ಪಕ್ಕ ಕೂತು ರಸಾಯನಶಾಸ್ತ್ರದ ನೋಟ್ಸ್ ತಿರುವಿ ಹಾಕುತ್ತಿದ್ದಳು, ತುಟಿ ಅಲ್ಲಾಡುತ್ತಿತ್ತು. ಪಕ್ಕದಲ್ಲಿ ಅವಳ ಗೆಳತಿ. ಮುಂದೆ ಅವನು ಕೈ ಎತ್ತಿ ನಿಂತಿದ್ದ, ಕಂಕುಳ ಕೆಳಗೆ ಶರ್ಟು ಒದ್ದೆಯಾಗಿತ್ತು. ದಾರಿಯುದ್ದಕ್ಕೂ ಅವಳು ಒಂದು ಸಲವೂ ಅವನ ಕಡೆ ನೋಡಲಿಲ್ಲ, ಅವಳಿಗೆ ಪುರುಸೊತ್ತಿರಲಿಲ್ಲ. ನನಗೆ ಪುರುಸೊತ್ತಿತ್ತು. ಹಾಸನ ಬರುವವರೆಗೂ ನಾನು ಅವನನ್ನು ನೋಡಿದೆ.